ವಾರಿಜಕ್ಕನ ಸೆಕೆಂಡ್ ಗೇರು

ಮೊನ್ನೆ ಶೋರೂಮಿನಿಂದ ಹೊಸ ಮೆಕ್ಯಾನಿಕ್ ಒಬ್ಬ ಫೋನ್ ಮಾಡಿದ. ನಾನು ಬಿಟ್ಟು ಬಂದ ಬೆಂಚಿನ ಮುಂದೆ ಈಗ ನಿಲ್ಲುವವನು ಅವನಂತೆ. "ಸರ್, ಒಂದು ಹಳೇ ಟ್ರ್ಯಾಕ್ಟರ್ ಬಂದಿದೆ. ಹಿಂದಿನ ಟಯರ್ ಎರಡೂ ಹೋಗಿವೆ, ಗೇರ್‌ಬಾಕ್ಸೂ ಸದ್ದು ಮಾಡ್ತದೆ. ಯಾವ ಟಯರ್ ಹಾಕುವುದು, ಗೇರ್‌ಬಾಕ್ಸ್ ಹಳೆಯದೇ ಇರಲಾ, ಬೇರೆ ಕೂರಿಸಲಾ? ನಂಬರು ಹೇಳಿದರೆ ಸಾಕು," ಎಂದ. ಗದ್ದೆ ಎಲ್ಲಿಯದ್ದು ಎಂದು ಕೇಳಿದೆ. ಗೊತ್ತಿಲ್ಲ ಎಂದ. ಓಡಿಸುವವರು ಯಾರು ಎಂದು ಕೇಳಿದೆ. ಅದೂ ಗೊತ್ತಿಲ್ಲ. ತಿಳಿದುಕೊಂಡು ನಾಳೆ ಫೋನ್ ಮಾಡು ಎಂದೆ. ಮುದುಕನಿಗೆ ಕೆಲಸವಿಲ್ಲ ಎಂದುಕೊಂಡಿರಬೇಕು. ಅದು ಸುಳ್ಳೂ ಅಲ್ಲ. ಫೋನ್ ಇಟ್ಟ ಮೇಲೆ ನನಗೆ ಒಂದು ಕಡೆ ಕೂರಲಿಕ್ಕಾಗಲಿಲ್ಲ, ಹಾಗಾಗಿ ಇದನ್ನು ಬರೆಯಲು ಶುರು ಮಾಡಿದೆ.

ನಂಬರು ಹೇಳುವುದು ಕಷ್ಟವೇನಲ್ಲ. ಟಯರಿನ ಬದಿಯಲ್ಲಿ ಅಚ್ಚೊತ್ತಿರುತ್ತದೆ, ಓದಿದರಾಯಿತು. ಆದರೆ ಟ್ರ್ಯಾಕ್ಟರಿನ ಟಯರೂ ಗೇರೂ ಗಂಡಹೆಂಡಿರ ಹಾಗೆ, ಒಬ್ಬರನ್ನು ಬಿಟ್ಟು ಇನ್ನೊಬ್ಬರ ವಿಷಯ ತೀರ್ಮಾನಿಸಲಿಕ್ಕಾಗುವುದಿಲ್ಲ. ಎತ್ತರದ ಟಯರ್ ಹಾಕಿದರೆ ಅದೇ ಗೇರಿನಲ್ಲಿ ಗಾಡಿ ಜೋರಾಗಿ ಹೋಗುತ್ತದೆ, ಗಿಡ್ಡದ್ದು ಹಾಕಿದರೆ ನಿಧಾನವಾಗುತ್ತದೆ. ಇಷ್ಟು ಸಣ್ಣ ವಿಷಯ ಒಬ್ಬರ ಬದುಕಿನಲ್ಲಿ ಎಷ್ಟು ದೊಡ್ಡದಾಗಬಹುದು ಎಂದು ನನಗೆ ಅರ್ಥವಾದದ್ದು ನಿವೃತ್ತನಾದ ಮೇಲೆ.

ನಾನು ಕೆಲಸ ಮಾಡಿದ್ದು ಸಂತೆಕಟ್ಟೆಯ ಒಂದು ಟ್ರ್ಯಾಕ್ಟರ್ ಶೋರೂಮಿನ ವರ್ಕ್‌ಶಾಪಿನಲ್ಲಿ. ಸೇರುವಾಗ ಎದುರಿನ ಹೆದ್ದಾರಿಯಲ್ಲಿ ಎರಡು ಲಾರಿ ಎದುರುಬದುರಾದರೆ ಒಂದು ಮಣ್ಣಿಗಿಳಿಯಬೇಕಿತ್ತು. ಬಿಡುವಾಗ ಅದೇ ಹೆದ್ದಾರಿಯನ್ನು ದಾಟಿ ಚಾ ಕುಡಿಯಲು ಹೋಗಬೇಕಾದರೆ ಜೀವವನ್ನು ಕೈಯಲ್ಲಿ ಹಿಡಿದುಕೊಳ್ಳಬೇಕಿತ್ತು. ನಡುವೆ ಏನೇನು ಹುದ್ದೆ ಸಿಕ್ಕಿತು ಎಂಬುದು ನನ್ನ ಹೆಂಡತಿಗೇ ನೆನಪಿಲ್ಲ, ನಿಮಗೆ ಯಾಕೆ.

ನೆನಪಿರುವುದು ಫೋರ್‌ಮನ್ ಲಾರೆನ್ಸ್ ಪರ್ಬುಗಳು. ಕಲ್ಯಾಣಪುರದವರು, ಕುಳ್ಳಗೆ, ಸದಾ ಕಿವಿಯ ಸಂದಿಯಲ್ಲಿ ಒಂದು ಪೆನ್ಸಿಲ್. ಗಿರಾಕಿ ಬಂದು "ಟಯರ್ ಬೇಕು" ಎಂದರೆ ಅವರು ಗೋಡೌನಿಗೆ ಹೋಗುತ್ತಿರಲಿಲ್ಲ. ಸ್ಕೂಟರಿನ ಹಿಂದೆ ನನ್ನನ್ನು ಕೂರಿಸಿಕೊಂಡು ಗಿರಾಕಿಯ ಗದ್ದೆಗೆ ಹೋಗುತ್ತಿದ್ದರು. ಅಲ್ಲಿ ಚಪ್ಪಲಿ ಬಿಟ್ಟು, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ಕೆಸರಿಗೆ ಇಳಿದು ನಡೆಯುವರು. ಕಾಲು ಗಿಣ್ಣಿನವರೆಗೆ ಹೂತರೆ ಒಂದು ಬಗೆಯ ಟಯರು. ಮೀನಖಂಡದವರೆಗೆ ಹೂತರೆ ಟಯರಿನ ಆಸೆ ಬಿಟ್ಟು ಕಬ್ಬಿಣದ ಕೇಜ್ ವೀಲ್. ಮರಳು ಹತ್ತಿದರೆ ಮತ್ತೊಂದು. "ನಾಳೆ ಇಲ್ಲಿ ಇಳಿಯುವುದು ಟಯರು ಮಾರಾಯ, ಇವತ್ತು ಅದರ ಪರವಾಗಿ ನಾನು ಇಳಿದು ನೋಡ್ತೇನೆ," ಎನ್ನುತ್ತಿದ್ದರು. ಗೇರ್‌ಬಾಕ್ಸಿಗೂ ಅಷ್ಟೆ. ಉದ್ದದ ಸ್ಕ್ರೂ ಡ್ರೈವರಿನ ತುದಿಯನ್ನು ಡಬ್ಬಿಗೆ ಒತ್ತಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ಕೇಳುವರು. ಆಮೇಲೆ ಯಾವ ಬೇರಿಂಗ್ ಸವೆದಿದೆ ಎಂದು ಹೇಳಿ, ಬಿಚ್ಚುವ ಕೆಲಸವನ್ನು ನಮಗೆ ಬಿಟ್ಟು ಚಾ ಕುಡಿಯಲು ಹೋಗುವರು. ಒಂದೆರಡು ಸಲ ತಪ್ಪಿದ್ದೂ ಉಂಟು. ತಪ್ಪಿದ ದಿನ ಚಾ ಕುಡಿದು ಬರಲು ಬಹಳ ಹೊತ್ತು ಹಿಡಿಯುತ್ತಿತ್ತು.

ಎಡವಟ್ಟುಗಳಿಗೇನೂ ಬರವಿರಲಿಲ್ಲ. ಹೂಡೆಯಿಂದ ಒಬ್ಬ ದೋಣಿ ಮಾಲೀಕರು ಬರುತ್ತಿದ್ದರು. ಘಟ್ಟದ ಮೇಲಿನಿಂದ ಹಳೆಯ ಟ್ರ್ಯಾಕ್ಟರೊಂದನ್ನು ತಂದು, ದೋಣಿಯನ್ನು ಕಡಲಿನಿಂದ ಮೇಲಕ್ಕೆ ಎಳೆಯಲು ಇಟ್ಟುಕೊಂಡಿದ್ದರು. ಮರಳಿನಲ್ಲಿ ಚಕ್ರ ಜಾರುತ್ತದೆ ಎಂದು ಯಾರೋ ಅವರಿಗೆ ಟ್ಯೂಬಿಗೆ ನೀರು ತುಂಬಿಸಲು ಹೇಳಿದರು. ಗದ್ದೆಯವರು ಭಾರಕ್ಕಾಗಿ ಹಾಗೆ ಮಾಡುವುದುಂಟು. ಇವರು ತುಂಬಿಸಿದ್ದು ಮನೆ ಬಾವಿಯ ನೀರು. ಹೂಡೆಯ ಬಾವಿಗಳಿಗೆ ಬೇಸಿಗೆಯಲ್ಲಿ ಹೊಳೆಯ ಉಪ್ಪು ಹತ್ತುತ್ತದೆ ಎಂದು ಅಲ್ಲಿ ಎಲ್ಲರಿಗೂ ಗೊತ್ತು. ಆ ನೀರನ್ನು ಅನ್ನಕ್ಕೆ ಹಾಕದ ಮನುಷ್ಯ ಟಯರಿಗೆ ಹಾಕಿದರು. ವಾಲ್ವಿನ ಬುಡದಲ್ಲಿ ಸೋರಿ ಸೋರಿ, ನಾವು ಟಯರ್ ಕಳಚುವಾಗ ರಿಮ್ಮು ನೀರುದೋಸೆಯ ಹಾಗಾಗಿತ್ತು. ಪರ್ಬುಗಳು ಬೈಯಲಿಲ್ಲ. "ಗದ್ದೆಗೆ ಹಲ್ಲಿದ್ದ ಟಯರ್ ಬೇಕು, ಕಡಲ ಬದಿಯ ಹೊಯಿಗೆಗೆ ಹಲ್ಲು ಬಿದ್ದ ಟಯರ್ ಬೇಕು. ನಿಮಗೆ ಸವೆದದ್ದನ್ನೇ ಹಾಕ್ತೇನೆ, ಗಾಳಿ ಕಡಿಮೆ ಇಡಿ," ಎಂದು ಗೋಡೌನಿನ ಮೂಲೆಯಲ್ಲಿ ಬಿದ್ದಿದ್ದ ಬೋಳು ಟಯರುಗಳನ್ನು ಕೊಟ್ಟು ಕಳಿಸಿದರು. ದೋಣಿ ಸಲೀಸಾಗಿ ಮೇಲೆ ಬಂತಂತೆ. ಅದರ ಮರುವಾರ ನಮಗೆಲ್ಲ ಬೂತಾಯಿ ಮೀನು ಬಂತು.

ವಾರಿಜಕ್ಕನನ್ನು ನಾನು ಮೊದಲು ಕಂಡದ್ದೂ ಪರ್ಬುಗಳ ಕಾಲದಲ್ಲಿಯೇ. ಕಾರ್ಕಳದ ಹತ್ತಿರದ ಒಂದು ಬೈಲಿನವರು. ತಾಯಿಯ ಕಡೆಯಿಂದ ಬಂದ ಗದ್ದೆ, ಹಾಗಾಗಿ ಗದ್ದೆಯ ಜೊತೆಗೆ ಟ್ರ್ಯಾಕ್ಟರೂ ಅವರದ್ದೇ. ಮೊದಲು ಒಬ್ಬ ಡ್ರೈವರ್ ಇದ್ದ. ಬಿತ್ತನೆಯ ಹೊತ್ತಿಗೆ ಅವನು ಹೇಳದೆ ಕೇಳದೆ ಬಸ್ಸು ಓಡಿಸಲು ಹೊರಟುಹೋದಾಗ, ಈಕೆ ಸೀರೆಯ ಮೇಲೆ ಗಂಡಸರ ಅಂಗಿಯೊಂದನ್ನು ತೊಟ್ಟು, ಸೆರಗು ಸಿಕ್ಕಿಸಿ, ತಾನೇ ಹತ್ತಿ ಕೂತರು. ಆಮೇಲೆ ಇಳಿಯಲೇ ಇಲ್ಲ ಎನ್ನಬೇಕು. ಅಕ್ಕಪಕ್ಕದ ಗದ್ದೆಗಳವರೂ ಉಳಲು ಅವರನ್ನೇ ಕರೆಯತೊಡಗಿದರು.

ಆ ಹೊತ್ತಿಗೆ ನಮ್ಮ ಶೋರೂಮಿಗೆ ಹೊಸ ಮ್ಯಾನೇಜರ್ ಬಂದಿದ್ದರು. ಟಯರ್ ದೊಡ್ಡದಾದಷ್ಟು ಗಿರಾಕಿಗೆ ಖುಷಿ ಎಂಬುದು ಅವರ ಶಾಸ್ತ್ರ. ಪರ್ಬುಗಳು ರಜೆಯಲ್ಲಿದ್ದ ದಿನ ಅವರು ವಾರಿಜಕ್ಕನ ಟ್ರ್ಯಾಕ್ಟರಿಗೆ ಕಂಪನಿ ಕೊಟ್ಟ ಅಳತೆಗಿಂತ ಅಗಲದ, ನಾಲ್ಕು ಬೆರಳು ಹೆಚ್ಚು ಎತ್ತರದ ಟಯರುಗಳನ್ನು ಹಾಕಿಸಿ ಕಳಿಸಿದರು. ಒಂದು ವಾರವಾಗಿರಬೇಕು, ಕಾರ್ಕಳದಿಂದ ಸಂತೆಕಟ್ಟೆಯವರೆಗೆ ಡಾಮರು ರಸ್ತೆಯಲ್ಲಿ ಆ ಟ್ರ್ಯಾಕ್ಟರನ್ನು ಓಡಿಸಿಕೊಂಡು ವಾರಿಜಕ್ಕ ಬಂದರು. ಹಿಂದೆ ಬಸ್ಸುಗಳ ಸಾಲು.

"ಎಂತ ಹಾಕಿದ್ದೀರಿ ಮಾರಾಯ್ರೆ ಇದಕ್ಕೆ? ಸೆಕೆಂಡಿನಲ್ಲಿ ಉಳುವಾಗ ನನಗೆ ಓಡಿಸಿದ ಹಾಗೆ ಆಗುವುದೇ ಇಲ್ಲ, ಇದೇ ನನ್ನನ್ನು ಎಳ್ಕೊಂಡು ಹೋಗ್ತದೆ," ಎಂದರು.

ಮ್ಯಾನೇಜರ್ ನಕ್ಕು, ಬೇಗ ಕೆಲಸ ಮುಗಿದರೆ ಒಳ್ಳೆಯದೇ ಅಲ್ಲವೇ ಎಂದರು.

"ನಮ್ಮ ಗದ್ದೆ ಎಷ್ಟು ದೊಡ್ಡದು ಅಂತ ಎಣಿಸಿದ್ದೀರಿ? ಹೊರಡುವುದರೊಳಗೆ ಮೂಲೆ ಬರ್ತದೆ. ಫಸ್ಟ್ ಹಾಕಿದರೆ ಆಮೆ, ಸೆಕೆಂಡ್ ಹಾಕಿದರೆ ಕುದುರೆ."

ಪರ್ಬುಗಳು ಟಯರಿಗೆ ಕೈಯಿಟ್ಟು ನೋಡಿ, ಹಳೆಯ ಅಳತೆಯದನ್ನು ತರಿಸಿ ಕೊಡುತ್ತೇನೆ, ಸ್ವಲ್ಪ ಸಮಯ ಕೊಡಿ ಎಂದರು. ಬಿತ್ತನೆ ನಿಲ್ಲಿಸಿ ಕಾಯುವ ಹೆಂಗಸಲ್ಲ ಆಕೆ. "ಬೇಡ ಬಿಡಿ. ಕಾಲುಂಟಲ್ಲ, ಮೂಲೆಮೂಲೆಗೆ ಕ್ಲಚ್ ಒತ್ತಿ ಸುಧಾರಿಸ್ತೇನೆ," ಎಂದು ಬಂದ ದಾರಿಯಲ್ಲೇ ಹೊರಟುಹೋದರು. ಆ ಟ್ರ್ಯಾಕ್ಟರಿನ ಕ್ಲಚ್ ಎಂದರೆ ಈಗಿನ ಕಾರಿನದ್ದಲ್ಲ, ಗಟ್ಟಿ ಆಳೊಬ್ಬ ನಿಂತು ಒತ್ತಬೇಕಾದದ್ದು. ಮುಂದೆ ಟಯರ್ ಸವೆದಾಗಲೂ ಮಾರುಕಟ್ಟೆಯಲ್ಲಿ ಸುಲಭಕ್ಕೆ ಸಿಗುತ್ತಿದ್ದ ದೊಡ್ಡ ಅಳತೆಯದ್ದೇ ಹಾಕಿದರು. ಅವರಿಗೆ ಅಭ್ಯಾಸವಾಗಿತ್ತು, ಎಡಗಾಲಿಗೆ ಮಾತ್ರ ಆಗಿರಲಿಲ್ಲವೇನೋ.

ನಿವೃತ್ತಿಯ ದಿನ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಪರ್ಬುಗಳು ಆ ಹೊತ್ತಿಗೆ ತೀರಿಕೊಂಡಿದ್ದರು. ಮನೆಗೆ ಬಂದ ಮೇಲೆ ಮೊದಲ ತಿಂಗಳು ಸುಖವಾಗಿತ್ತು. ಆಮೇಲೆ ಬೆಳಿಗ್ಗೆ ಎದ್ದು ಕೈ ನೋಡಿಕೊಂಡರೆ ಉಗುರಿನ ಸಂದಿಯಲ್ಲಿ ಕಪ್ಪು ಇಲ್ಲ. ನಲವತ್ತು ವರ್ಷ ಸಾಬೂನು ಹಾಕಿ ತಿಕ್ಕಿದರೂ ಹೋಗದಿದ್ದ ಗ್ರೀಸು, ಸುಮ್ಮನೆ ಕೂತದ್ದಕ್ಕೆ ತಾನಾಗಿ ಹೋಗಿತ್ತು. ನನಗೆ ಅಳು ಬಂದಂತಾಯಿತು. ಮಳೆಗಾಲ ಹತ್ತಿರ ಬಂದಾಗ ಇನ್ನೂ ಕಷ್ಟ. ದೂರದಲ್ಲೆಲ್ಲೋ ಟ್ರ್ಯಾಕ್ಟರ್ ಹೋದರೆ ಯಾವ ಗೇರಿನಲ್ಲಿದೆ, ಯಾವ ಬೇರಿಂಗ್ ಕೂಗುತ್ತಿದೆ ಎಂದು ಕಿವಿ ಕೊಡುತ್ತಿದ್ದೆ. ಹೊಸ ಟ್ರ್ಯಾಕ್ಟರುಗಳು ಕೂಗುವುದೂ ಇಲ್ಲ. ಅವಕ್ಕೆ ಏನಾಗಿದೆಯೆಂದು ಲ್ಯಾಪ್‌ಟಾಪ್ ಹೇಳುತ್ತದೆ. ಅದು ತಪ್ಪಲ್ಲ, ಬೇಗವೂ ಆಗುತ್ತದೆ. ಆದರೆ ನನ್ನನ್ನು ಕೇಳುವವರಿಲ್ಲವಲ್ಲ ಎಂಬ ಹೊಟ್ಟೆಯುರಿಯನ್ನು ಬಚ್ಚಿಟ್ಟುಕೊಂಡು ಏನು ಮಾಡಲಿ.

ಹಾಗಿರುವಾಗ, ಕಳೆದ ಬೇಸಿಗೆಯಲ್ಲಿ, ವಾರಿಜಕ್ಕನ ಫೋನ್ ಬಂತು. "ಸದಾಶಿವಣ್ಣ, ಕೆಲಸ ಬಿಟ್ಟಿದ್ದೀರಂತೆ. ಕೆಲಸ ಮರೆತಿದ್ದೀರಾ?" ಎಂದು ಕೇಳಿದರು. ಮರೆತಿಲ್ಲ ಎಂದೆ. "ಹಾಗಾದರೆ ಬನ್ನಿ."

ಹೋದೆ. ಅವರು ಚಾವಡಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು, ಪಕ್ಕದಲ್ಲಿ ಊರುಗೋಲು. ವಯಸ್ಸು ಎಪ್ಪತ್ತು ದಾಟಿತ್ತು. ಎಡ ಮಂಡಿಗೆ ಮಣಿಪಾಲದಲ್ಲಿ ಆಪರೇಷನ್ ಆಗಿ ವರ್ಷವಾಗುತ್ತಾ ಬಂದಿತ್ತು. ನಡೆಯಿರಿ, ಮೆಟ್ಟಿಲನ್ನು ನಿಧಾನ ಹತ್ತಿ, ಆದರೆ ಆ ಕಾಲಿನಲ್ಲಿ ಭಾರದ್ದನ್ನು ಮೇಲಿಂದ ಮೇಲೆ ಒತ್ತಬೇಡಿ ಎಂದು ಡಾಕ್ಟರು ಹೇಳಿದ್ದರಂತೆ. ಕಳೆದ ವರ್ಷ ಮಳೆಗಾಲದ ಏಣೆಲು ಬೆಳೆಗೆ ಬೇರೆಯವರ ಟಿಲ್ಲರು ಬಂದು ಉತ್ತುಹೋಗಿತ್ತು. ಟ್ರ್ಯಾಕ್ಟರ್ ಕೊಟ್ಟಿಗೆಯಲ್ಲಿ ನಿಂತು, ಹಿಂದಿನ ಟಯರುಗಳು ಬಿರಿದಿದ್ದವು.

ಅವರ ತಮ್ಮ ಶೇಖರಣ್ಣನೂ ಅಲ್ಲಿದ್ದರು. ಕಾಪುವಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವವರು. ಒಳ್ಳೆಯ ಮನುಷ್ಯ, ಅಕ್ಕನೆಂದರೆ ಜೀವ, ಆದ್ದರಿಂದಲೇ ಹೆದರಿಕೆ. ಕಾಪು ಕಡಲ ಬದಿಯ ಒಂದು ರೆಸಾರ್ಟಿನವರು ಗೇಟಿನ ಬಳಿ ನಿಲ್ಲಿಸಲು ಹಳೆಯ ಟ್ರ್ಯಾಕ್ಟರ್ ಹುಡುಕುತ್ತಿದ್ದರಂತೆ. ಬಣ್ಣ ಹೊಡೆದು, ಹೂವಿನ ಕುಂಡ ಇಟ್ಟು, ಬಂದವರು ಸೀಟಿನ ಮೇಲೆ ಕೂತು ಫೋಟೋ ತೆಗೆಸಿಕೊಳ್ಳಲಿಕ್ಕೆ.

"ಚೆಂದ ಇಟ್ಟುಕೊಳ್ತಾರೆ ಸದಾಶಿವಣ್ಣ," ಎಂದರು ಶೇಖರಣ್ಣ. "ಇಲ್ಲಿದ್ದರೆ ಅಕ್ಕ ಸುಮ್ಮನಿರುವುದಿಲ್ಲ. ಹತ್ತಿ ಬಿದ್ದರೆ ಎತ್ತುವುದು ಯಾರು?"

"ಅವರಿಗೆ ಇಂಜಿನ್ ಬೇಡವಂತೆ," ಎಂದರು ವಾರಿಜಕ್ಕ ನನ್ನನ್ನು ನೋಡಿ. "ಬೇಕಾದರೆ ನೀವೇ ತೆಗೆದಿಟ್ಟುಕೊಳ್ಳಿ ಅಂತ ಹೇಳಿದ್ದಾರೆ. ಇಂಜಿನ್ ತೆಗೆದು ಎಂತ ಮಾಡುವುದು, ಮೊಸರು ಕಡೆಯುವುದಾ?"

ಅಕ್ಕ ತಮ್ಮನ ನಡುವೆ ಒಂದು ಮಾತಾಗಿತ್ತು. ಪತ್ತನಾಜೆಯೊಳಗೆ ಮನೆಯೆದುರಿನ ಗದ್ದೆಯನ್ನು ವಾರಿಜಕ್ಕ ತಾನೊಬ್ಬಳೇ ಕೂತು ಉತ್ತರೆ ಟ್ರ್ಯಾಕ್ಟರ್ ಉಳಿಯುತ್ತದೆ. ಆಗದಿದ್ದರೆ ಅದು ಕಾಪುವಿಗೆ. ಪತ್ತನಾಜೆ ಎಂದರೆ ನಮ್ಮ ತುಳುವರ ಬೇಶ ತಿಂಗಳ ಹತ್ತನೆಯ ದಿನ, ಮೇ ತಿಂಗಳ ಕೊನೆಯ ಹೊತ್ತಿಗೆ ಬರುತ್ತದೆ. ಆ ದಿನಕ್ಕೆ ಭೂತಗಳ ಕೋಲ, ನೇಮ, ಯಕ್ಷಗಾನದ ಆಟ ಎಲ್ಲ ನಿಂತು ಜನ ಗದ್ದೆಯ ಕಡೆ ಮುಖ ಮಾಡುತ್ತಾರೆ. ಬಾಕಿ ಇದ್ದದ್ದು ತಿಂಗಳು ಚಿಲ್ಲರೆ.

"ಈ ಬೈಲಿನಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲ, ಟ್ರ್ಯಾಕ್ಟರಿನ ಅಕ್ಕ ಅಂತಲೇ ಹೇಳುವುದು," ಎಂದರು. "ಅದು ಹೋದರೆ ನಾನು ಯಾರು ಹೇಳಿ. ಹೇಗಾದರೂ ಮಾಡಿ ಕೊಡಿ."

ಕೊಟ್ಟಿಗೆಯಲ್ಲಿ ಅವರನ್ನು ಮೆಲ್ಲ ಹತ್ತಿಸಿ ಕ್ಲಚ್ ಒತ್ತಿಸಿ ನೋಡಿದೆ. ಒಮ್ಮೆ ಒತ್ತಿದರು. ಎರಡನೆಯ ಸಲ ಹಲ್ಲು ಕಚ್ಚಿ ಒತ್ತಿದರು. ಆಮೇಲೆ ಕಾಲನ್ನು ಪೆಡಲಿನ ಮೇಲೆ ಇಟ್ಟರು, ಒತ್ತಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ.

ಗೇರ್‌ಬಾಕ್ಸ್ ಬದಲಿಸಿದರೆ ಹೇಗೆ ಎಂದು ಮೊದಲು ಹೊಳೆಯಿತು. ನಂದಿಕೂರಿನ ಹತ್ತಿರದ ಗುಜರಿಯಲ್ಲಿ ಅದೇ ಕಂಪನಿಯ, ಸ್ವಲ್ಪ ಹೊಸ ಮಾದರಿಯ ಟ್ರ್ಯಾಕ್ಟರ್ ಬಿದ್ದಿತ್ತು. ಅದಕ್ಕೆ ಎಂಟು ಗೇರು. ವಾರಿಜಕ್ಕನದ್ದಕ್ಕೆ ಆರು, ಅದೂ ಹಳೆಯ ಕಾಲದ್ದು, ಗಾಡಿ ನಿಲ್ಲಿಸಿಯೇ ಗೇರ್ ಹಾಕಬೇಕು, ಇಲ್ಲವಾದರೆ ಹಲ್ಲಿಗೆ ಹಲ್ಲು ಬಡಿದು ಇಡೀ ಬೈಲಿಗೆ ಕೇಳುತ್ತದೆ. ಎಂಟು ಗೇರಿನದ್ದು ಕೂರುತ್ತಿತ್ತು. ಸುತ್ತಿಗೆಯಿಂದ ಬಡಿಬಡಿದು ನೋಡಿದೆ, ಡಬ್ಬಿ ಗಟ್ಟಿಯಿತ್ತು. ಆದರೆ ಅದರ ಜೊತೆಗೆ ಬರುವುದು ಡಬಲ್ ಕ್ಲಚ್, ಹಳೆಯದಕ್ಕಿಂತಲೂ ಗಡಸು. ಮಂಡಿಗೆ ಆಗದವರಿಗೆ ಇನ್ನೂ ಭಾರದ ಪೆಡಲ್ ತಂದುಕೊಟ್ಟರೆ ಆದೀತೇ. ಗುಜರಿಯವನು ಒಂದು ಗಂಟೆ ನನ್ನ ಹಿಂದೆ ಸುತ್ತಿ ಬೇಸತ್ತುಹೋದ.

ಆಮೇಲೆ ಕೈಯಿಂದ ಎಳೆಯುವ ಹಾಗೆ ಪೆಡಲಿಗೆ ಒಂದು ಪೈಪು ವೆಲ್ಡ್ ಮಾಡಿಸಿದೆ. ಒತ್ತುವಾಗ ಸರಿಯಿತ್ತು. ಬಿಡುವಾಗ ಕೈಗೆ ಕಾಲಿನ ಹದವಿಲ್ಲ, ಒಮ್ಮೆಲೇ ಬಿಟ್ಟು ಟ್ರ್ಯಾಕ್ಟರಿನ ಮೂತಿ ಕುದುರೆಯ ಹಾಗೆ ಮೇಲೆದ್ದಿತು. ಓಡಿಸಿ ನೋಡುತ್ತಿದ್ದವನು ನಾನು, ಪುಣ್ಯ. ಶೇಖರಣ್ಣ ನೋಡುವ ಮೊದಲೇ ಪೈಪು ಕತ್ತರಿಸಿ ತೆಗೆದೆ. ವಾರಿಜಕ್ಕನಿಗೂ ಅದು ಹಿಡಿಸಿರಲಿಲ್ಲ. "ಕೈಯಲ್ಲಿ ಕ್ಲಚ್ ಹಿಡಿಯುವುದಾದರೆ ನಾನು ಟಿಲ್ಲರ್ ತೆಗೆದುಕೊಳ್ತಿದ್ದೆ," ಎಂದರು.

ಮೇ ತಿಂಗಳಲ್ಲಿ ಒಂದು ಮಳೆ ಬಂತು. ಮರುದಿನ ಹೋಗಿ ಚಪ್ಪಲಿ ಬಿಟ್ಟು ಮನೆಯೆದುರಿನ ಗದ್ದೆಗೆ ಇಳಿದೆ. ಪರ್ಬುಗಳು ಹೋದ ಮೇಲೆ ಹಾಗೆ ಇಳಿದವನು ವರ್ಕ್‌ಶಾಪಿನಲ್ಲಿ ನಾನೊಬ್ಬನೇ, ಕೊನೆಕೊನೆಗೆ ನಾನೂ ಬಿಟ್ಟಿದ್ದೆ. ಗಿಣ್ಣು ಮುಳುಗುವಷ್ಟು ಮಣ್ಣು ಸಡಿಲವಾಗಿತ್ತು, ಅಡಿಯಲ್ಲಿ ಗಟ್ಟಿ. ಟ್ರ್ಯಾಕ್ಟರ್ ಹೋಗುವ ಹಾಗೆಯೇ ಸುತ್ತು ಹಾಕುತ್ತಾ ನಡೆದೆ. ಗದ್ದೆಯ ಬದು, ನಾವು ಹುಣಿ ಎನ್ನುವುದು, ಅದರ ಮೇಲೆ ಕುರ್ಚಿ ಹಾಕಿಸಿಕೊಂಡು ವಾರಿಜಕ್ಕ ನೋಡುತ್ತಿದ್ದರು. ಒಂದು ಮೂಲೆಗೆ ಬಂದಾಗ ನನ್ನ ಎಡಗಾಲು ತಾನಾಗಿ ಕೆಳಗೊತ್ತಿತು. ಅದೇ ಹೊತ್ತಿಗೆ ಕುರ್ಚಿಯಲ್ಲಿ ಕೂತಿದ್ದ ಅವರ ಎಡಗಾಲೂ ಅಲುಗಿತು. ಇಬ್ಬರಿಗೂ ನಗು ಬಂತು. ನನಗೆ ವಿಷಯ ಹೊಳೆದದ್ದೂ ಆಗಲೇ.

ಕ್ಲಚ್ಚನ್ನು ಹಗುರ ಮಾಡುವುದಲ್ಲ, ಬೇಡವಾಗುವ ಹಾಗೆ ಮಾಡಬೇಕು. ಉಳುವಾಗ ಗೇರ್ ಬದಲಿಸಲಿಕ್ಕಿಲ್ಲ. ಮೂಲೆಯಲ್ಲಿ ತಿರುಗಿಸಲು ಬಲಗಾಲಿನ ಬ್ರೇಕುಗಳಿವೆ. ನೇಗಿಲ ಹಲ್ಲುಗಳನ್ನು ಎತ್ತಿ ಇಳಿಸಲು ಕೈಯ ಲಿವರ್ ಇದೆ. ನಿಲ್ಲಿಸಬೇಕಾದರೆ ಸ್ಟಾಪ್ ಗುಂಡಿ ಎಳೆದು ಇಂಜಿನನ್ನೇ ಆರಿಸಬಹುದು. ಎಡಗಾಲಿಗೆ ಕೆಲಸವಿರುವುದು ಹೊರಡುವಾಗ ಒಮ್ಮೆ ಮಾತ್ರ. ಮತ್ತೆ ಅವರು ಮೂಲೆಮೂಲೆಗೂ ಒತ್ತುತ್ತಿದ್ದದ್ದು ಯಾಕೆ? ಸೆಕೆಂಡ್ ಗೇರು ಆ ಗದ್ದೆಗೆ ಜೋರಾಗುತ್ತಿತ್ತು. ಎಕ್ಸಿಲೇಟರ್ ಇಳಿಸಿದರೆ ಗಟ್ಟಿ ಮಣ್ಣಿನಲ್ಲಿ ಉಸಿರು ಕಟ್ಟಿ ನಿಲ್ಲುತ್ತಿತ್ತು. ಗೇರ್‌ಬಾಕ್ಸಿನ ತಪ್ಪಲ್ಲ ಅದು, ನಮ್ಮ ಮ್ಯಾನೇಜರ್ ಹಾಕಿಸಿದ ಎತ್ತರದ ಟಯರಿನದ್ದು. ಕಂಪನಿಯವರು ಹಾಕಿದ್ದ ಗಿಡ್ಡ ಟಯರ್ ಹಾಕಿದರೆ ಸೆಕೆಂಡ್ ಗೇರು ಮೊದಲಿನ ಸೆಕೆಂಡ್ ಗೇರಾಗುತ್ತದೆ. ಹತ್ತುವಾಗ ಮಂಡಿಗೂ ಅಷ್ಟು ಎತ್ತರ ಕಡಿಮೆ.

ಹಾಗಾಗಿ ಆರು ಗೇರಿನ ಹಳೆಯ ಡಬ್ಬಿಯನ್ನೇ ಬಿಚ್ಚಿದೆ. ಎರಡು ಬೇರಿಂಗ್ ಹೊಸದು, ಒಂದು ಸೀಲ್, ಪೆಡಲಿನ ಬುಡಕ್ಕೆ ಹೊಸ ಬುಷ್. ಜೋಡಿಸಿದ ಮೇಲೆ ಸ್ಕ್ರೂ ಡ್ರೈವರ್ ಕಿವಿಗೊತ್ತಿ ಕೇಳಿದೆ. ಎಷ್ಟು ಕಾಲದ ಮೇಲೆ ಆ ಸದ್ದು. ಕಣ್ಣು ಮುಚ್ಚಿಕೊಂಡು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಕೇಳಿದೆ ಎಂದು ಒಪ್ಪಿಕೊಳ್ಳುತ್ತೇನೆ.

ಟಯರಿನದ್ದು ಪಾಡು. ಆ ಅಳತೆಯನ್ನು ಈಗ ಇಲ್ಲಿ ಯಾರೂ ಕೇಳುವುದಿಲ್ಲ. ಕಾರ್ಕಳದ ಅಂಗಡಿಯವರು ದೊಡ್ಡದೇ ಹಾಕಿ ಎಂದರು. ಉಡುಪಿಯಲ್ಲಿಯೂ ಅದೇ ಮಾತು. ಫೋನಿನಲ್ಲಿ ಹುಡುಕಿದರೆ ಸಿಗುತ್ತದೆ, ಆದರೆ ಹಲ್ಲಿನ ಎತ್ತರ ಎಷ್ಟೆಂದು ಫೋಟೋ ನೋಡಿ ಹೇಗೆ ಹೇಳುವುದು. ತೀರಾ ಎತ್ತರದ ಹಲ್ಲಾದರೆ ಗಿಡ್ಡ ಟಯರ್ ಹಾಕಿದ ಲಾಭವೆಲ್ಲ ಅಲ್ಲಿಗೇ ಹೋಯಿತು, ಸ್ಟೇರಿಂಗೂ ಕುಣಿಯುತ್ತದೆ. ಕೊನೆಗೆ ಕಾರ್ಕಳದವರೇ ಘಟ್ಟದ ಮೇಲಿನಿಂದ ತರಿಸಿಕೊಟ್ಟರು, ಮಧ್ಯಮ ಹಲ್ಲಿನ ಜೋಡಿ. ಅದು ಬಂದು ಇಳಿಯುವಾಗ ಪತ್ತನಾಜೆಗೆ ಎರಡು ದಿನವಿತ್ತು.

ಪತ್ತನಾಜೆಯ ಹಿಂದಿನ ದಿನ ಬೆಳಿಗ್ಗೆ ಟ್ರ್ಯಾಕ್ಟರನ್ನು ನಾನೇ ಗದ್ದೆಗಿಳಿಸಿ, ಹುಣಿಗೆ ತಾಗಿಸಿ ನಿಲ್ಲಿಸಿದೆ. ಹುಣಿಯಿಂದ ಸೀಟಿಗೆ ಒಂದೇ ಹೆಜ್ಜೆ. ವಾರಿಜಕ್ಕ ಸೀರೆಯ ಮೇಲೆ ಅಂಗಿ ತೊಟ್ಟು ಬಂದರು. ಶೇಖರಣ್ಣ ಅಂಗಡಿ ಮುಚ್ಚಿ ಬಂದಿದ್ದರು. ರೆಸಾರ್ಟಿನವರ ಲಾರಿಗೆ ಮರುದಿನ ಬರಲು ಹೇಳಿದ್ದಾರೆಂದು ನನಗೆ ಆಮೇಲೆ ಗೊತ್ತಾಯಿತು.

"ಆಗದಿದ್ದರೆ ಆಗುವುದಿಲ್ಲ ಅಂತ ಹೇಳು ಅಕ್ಕ. ನಾನು ಎಂತ ಹೇಳುವುದಿಲ್ಲ," ಎಂದರು.

ವಾರಿಜಕ್ಕ ಹುಣಿಯಿಂದ ಸೀಟಿಗೆ ದಾಟಿ ಕೂತರು. ಎಡಗಾಲನ್ನು ಎರಡು ಕೈಯಿಂದ ಎತ್ತಿ ಪೆಡಲಿನ ಮೇಲಿಟ್ಟು, ಸ್ಟೇರಿಂಗನ್ನು ಹಿಡಿದು, ಇಡೀ ಮೈಯಿಂದ ಒತ್ತಿದರು. ಗೇರು ಸೆಕೆಂಡಿಗೆ ಬಿತ್ತು. ಬಿಡುವಾಗ ಕಾಲು ನಡುಗುತ್ತಿರುವುದು ನನಗೆ ಕಂಡಿತು. ಆದರೆ ಬಿಟ್ಟ ಹದ, ಅದನ್ನು ನಾನು ಯಾರಿಗೂ ಕಲಿಸಲಾರೆ. ಗಾಡಿ ಅಲುಗಿತೋ ಇಲ್ಲವೋ ಎನ್ನುವ ಹಾಗೆ ಹೊರಟಿತು. ಅವರು ಆ ಕಾಲನ್ನು ಪೆಡಲಿನಿಂದ ಎತ್ತಿ ಪಕ್ಕಕ್ಕೆ ಇಟ್ಟುಬಿಟ್ಟರು.

ಒಂದು ಮೂಲೆ ತಿರುಗಿತು. ಎರಡನೆಯದ್ದೂ ತಿರುಗಿತು. ಟ್ರ್ಯಾಕ್ಟರು ಅವರನ್ನು ಎಳೆದುಕೊಂಡು ಹೋಗುತ್ತಿರಲಿಲ್ಲ. ಹಿಂದೆ ಮಣ್ಣು ಮಗುಚಿ ಬೀಳುತ್ತಿತ್ತು, ಕೊಕ್ಕರೆಗಳು ಬಂದಿಳಿದವು. ಅಕ್ಕಪಕ್ಕದ ಮನೆಗಳಿಂದ ಸದ್ದು ಕೇಳಿ ಜನ ಹುಣಿಯ ಮೇಲೆ ಬಂದು ನಿಂತರು. ಸುತ್ತು ಸುತ್ತಿ ಗದ್ದೆಯ ನಡುವಿನವರೆಗೆ ಬಂದು, ಒಂದು ಗೆರೆಯೂ ಉಳಿಯದ ಹಾಗೆ ಮುಗಿಸಿದರು. ನಾನು ಶೇಖರಣ್ಣನನ್ನು ನೋಡಿದೆ. ಅವರು ಫೋನ್ ತೆಗೆದು ಪಕ್ಕಕ್ಕೆ ಹೋಗಿ, ಲಾರಿ ಬರುವುದು ಬೇಡ ಎಂದು ಹೇಳಿ ಬಂದರು. ಮುಖ ಒರೆಸಿಕೊಂಡರು.

"ಸಾಕು ಅಕ್ಕ, ಆಯಿತು. ನಿಲ್ಲಿಸು," ಎಂದು ಕೂಗಿದರು.

ವಾರಿಜಕ್ಕ ನಿಲ್ಲಿಸಲಿಲ್ಲ. ನೇಗಿಲನ್ನು ಎತ್ತಿ, ಉತ್ತ ಮಣ್ಣಿನ ಮೇಲೆಯೇ ಇನ್ನೊಂದು ಸುತ್ತು ಬಂದರು. ಶೇಖರಣ್ಣನಿಗೆ ಗಾಬರಿಯಾಯಿತು. "ನಿಲ್ಲಿಸಲಿಕ್ಕೆ ಆಗುವುದಿಲ್ಲವಾ ಅವಳಿಗೆ?" ಎಂದು ನನ್ನ ತೋಳು ಹಿಡಿದರು. ಸ್ಟಾಪ್ ಎಳೆದರೆ ಸಾಕು, ಅವರಿಗೆ ಗೊತ್ತುಂಟು ಎಂದೆ. ಟ್ರ್ಯಾಕ್ಟರ್ ನಮ್ಮೆದುರಿಗೆ ಬಂದಾಗ ವಾರಿಜಕ್ಕ ಇಂಜಿನಿನ ಸದ್ದನ್ನು ಮೀರಿಸಿ ಕೂಗಿ ಹೇಳಿದರು:

"ಈಗ ನಿಲ್ಲಿಸಿದರೆ ನಾನು ಇನ್ನೊಮ್ಮೆ ಕ್ಲಚ್ ಒತ್ತಿ ಹೊರಡ್ಲಿಕ್ಕಿಲ್ಲ. ಅಲ್ಲಿ ಕಂಡಿ ತೆಗೀರಿ."

ಅವರು ಕೈ ತೋರಿಸಿದ್ದು ಆಚೆ ಬದಿಯ ಹುಣಿಯನ್ನು. ಅದರಾಚೆ ಪಕ್ಕದವರ ಗದ್ದೆ, ಎಷ್ಟೋ ವರ್ಷದಿಂದ ಉಳುವವರಿಲ್ಲದೆ ಹಡಿಲು ಬಿದ್ದದ್ದು. ಅದರಾಚೆಗೆ ಇನ್ನೊಂದು ಹಡಿಲು, ಮತ್ತೊಂದು. ಒಂದು ಕಾಲದಲ್ಲಿ ಎಲ್ಲವನ್ನೂ ಈಕೆಯೇ ಉಳುತ್ತಿದ್ದದ್ದು.

"ಅದು ದೂಮಣ್ಣನದ್ದು ಅಕ್ಕ," ಎಂದರು ಶೇಖರಣ್ಣ. "ಅವರು ಮುಂಬೈಯಲ್ಲಿ ಇದ್ದಾರೆ. ಕೇಳದೆ ಹೇಗೆ?"

ಅಷ್ಟರಲ್ಲಿ ಟ್ರ್ಯಾಕ್ಟರ್ ಮುಂದೆ ಹೋಗಿತ್ತು. ನಾನು ಕೊಟ್ಟಿಗೆಯ ಗೋಡೆಗೆ ಒರಗಿಸಿದ್ದ ಹಾರೆ ತೆಗೆದುಕೊಂಡು ಓಡಿದೆ. ಓಡಿದೆ ಎಂದರೆ ನನ್ನ ವಯಸ್ಸಿನವರು ಓಡಿದ ಹಾಗೆ. ಹುಣಿ ಅಗೆಯಲು ತೊಡಗಿದಾಗ ಪಕ್ಕದಲ್ಲಿ ಇನ್ನೊಂದು ಹಾರೆ ಬಿತ್ತು. ನೋಡಿದರೆ ಶೇಖರಣ್ಣ, ಬೂಟು ಬಿಚ್ಚಿದ್ದರು, ಪ್ಯಾಂಟು ಮಡಚಿದ್ದರು. ಅಂಗಡಿಯಲ್ಲಿ ದಿನಾ ಹಾರೆ ಮಾರುವವರು, ಹಿಡಿದು ಎಷ್ಟು ವರ್ಷವಾಗಿತ್ತೋ. ಇಬ್ಬರೂ ಸೇರಿ ಹುಣಿಯನ್ನು ಇಳಿಜಾರು ಮಾಡಿ ಸರಿದು ನಿಂತೆವು. ವಾರಿಜಕ್ಕ ನಮ್ಮನ್ನು ನೋಡದೆ ನಮ್ಮ ನಡುವಿನಿಂದ ಹಾದು, ಆ ಮುಳ್ಳು ಪೊದೆಯ ಗದ್ದೆಗೆ ಇಳಿದು, ಹಲ್ಲುಗಳನ್ನು ಇಳಿಸಿದರು. ಅಡಿಯಿಂದ ಕಪ್ಪು ಮಣ್ಣು ಮೇಲೆ ಬಂತು. ಇಂಥದ್ದನ್ನು ನೋಡಲಿಕ್ಕಾಗಿಯೇ ನಾನು ಅಷ್ಟು ವರ್ಷ ಟ್ರ್ಯಾಕ್ಟರುಗಳ ಅಡಿಯಲ್ಲಿ ಮಲಗಿ ನಟ್ಟು ತಿರುಗಿಸಿದ್ದೆಂದು ನನಗೆ ಅನಿಸಿತು.

ಶೇಖರಣ್ಣ ಸೊಂಟಕ್ಕೆ ಕೈಯಿಟ್ಟು ಏದುಸಿರು ಬಿಡುತ್ತಿದ್ದರು.

"ಡೀಸೆಲ್ ಎಷ್ಟು ಹಾಕಿದ್ದೀರಿ ಸದಾಶಿವಣ್ಣ?"

"ಟ್ಯಾಂಕ್ ತುಂಬ."

ಅವರು ಬೈಲಿನ ಕೊನೆಯವರೆಗೆ ಒಮ್ಮೆ ಕಣ್ಣು ಹಾಯಿಸಿದರು. ಆಮೇಲೆ ಹಾರೆಯನ್ನು ಹೆಗಲಿಗೆ ಹಾಕಿಕೊಂಡು, ಅಕ್ಕ ಅಲ್ಲಿಗೆ ಮುಟ್ಟುವ ಮೊದಲು ಮುಂದಿನ ಹುಣಿಯನ್ನು ತೆಗೆಯಲು ಓಡಿದರು.